ತಾರೀಖಿನ ಈಚೆ, ಆಚೆ

ಉಳ್ಳಾಲ ಎಂದೊಡನೆ ಬಹಳ ಮಂದಿ ಮಂಗಳೂರಿನ ಮಗ್ಗುಲಿನ ಉಳ್ಳಾಲವನ್ನೂ ರಾಣಿ ಅಬ್ಬಕ್ಕನನ್ನೂ ನೆನೆಯುತ್ತಾರೆ. ನಾನಿರುವುದು ಅಲ್ಲಲ್ಲ. ಕಡಲೂ ಇಲ್ಲದ, ಕೋಟೆಯೂ ಇಲ್ಲದ, ಕೆರೆಯೊಂದನ್ನು ಉಳಿಸಿಕೊಂಡಿರುವ ಬೆಂಗಳೂರಿನ ಉಳ್ಳಾಲ ನಮ್ಮದು. ಜ್ಞಾನಭಾರತಿಗೂ ಕೆಂಗೇರಿಗೂ ನಡುವಿನದು. 1994ರಲ್ಲಿ ನಾವು ಮನೆ ಕಟ್ಟಿಕೊಂಡು ಬಂದಾಗ ಸುತ್ತ ರಾಗಿ ಹೊಲ, ಅವರೆ ಹೊಲ. 2007ರಲ್ಲಿ ಬೆಂಗಳೂರು ಸುತ್ತಲಿನ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಬೆಂಗಳೂರಾಯಿತು. ನಾವು ಇದ್ದಲ್ಲೇ ಇದ್ದು ಪಟ್ಟಣದವರಾದೆವು.

ನಮ್ಮ ಬೀದಿಯಲ್ಲಿ ಹಳೆಯ ಊರಿನವರು ಎಂದರೆ ಎರಡೇ ಮನೆ. ಉಳಿದವರೆಲ್ಲ ಬಂದವರು. ನಾವು ಮಾಗಡಿ ಕಡೆಯವರು, ಎದುರು ಮನೆಯವರು ಚನ್ನರಾಯಪಟ್ಟಣದವರು, ಮೂಲೆ ಮನೆಯವರು ಹುಬ್ಬಳ್ಳಿಯವರು. ನಮ್ಮ ಮನೆಗಳಿಗೂ ಒಂದು ಕೊರತೆ ಇತ್ತು. ಹೆಚ್ಚಿನವು ರೆವಿನ್ಯೂ ಸೈಟಿನಲ್ಲಿ ಕಟ್ಟಿದವು. ಕ್ರಯಪತ್ರ ಇದೆ, ಕಂದಾಯದ ರಸೀತಿ ಇದೆ, ಕರೆಂಟಿದೆ. ಆದರೆ ಹೊಲ ಸೈಟಾದದ್ದು ಕಾನೂನಿನ ಪ್ರಕಾರ ಅಲ್ಲ. ಹಾಗಾಗಿ ಖಾತೆ ಬಿ, ಬ್ಯಾಂಕಿನಲ್ಲಿ ಸಾಲವಿಲ್ಲ, ಮಾರಲು ಹೋದರೆ ಬೆಲೆಯಿಲ್ಲ. ಇಂಥ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಒಪ್ಪಿಕೊಳ್ಳಲು ಸರ್ಕಾರ ಅಕ್ರಮ-ಸಕ್ರಮ ಎಂಬ ಯೋಜನೆ ಮಾಡಿತು. 2013ರ ಅಕ್ಟೋಬರ್ 19ರೊಳಗೆ ಕಟ್ಟಿದವು ಸಕ್ರಮ, ಆಮೇಲಿನವು ಅಲ್ಲ ಎಂದು ಗಡುವು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನು ಒಪ್ಪಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆ ದಿನಗಳಲ್ಲಿ ನಮ್ಮ ಬೀದಿಯ ಹೆಂಗಸರಿಗೆಲ್ಲ ಆ ತಾರೀಖು ಬಾಯಿಪಾಠವಾಗಿತ್ತು.

ಇದನ್ನೇಕೆ ಹೇಳುತ್ತಿದ್ದೇನೆಂದರೆ, 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ಕಾಗದಪತ್ರವಿಲ್ಲದೆ ಆ ದೇಶಕ್ಕೆ ಹೋದವರು. ಕೈಗೆ ಕೋಳ ಹಾಕಿ ಕರೆತಂದರೆಂದು ಸಂಸತ್ತಿನಲ್ಲೂ ಗದ್ದಲವಾಯಿತು. ಆ ವಾರ ನಮ್ಮ ಭಜನೆ ಮುಗಿದ ಮೇಲೆ ಅದೇ ಮಾತು.

"ಕಾನೂನು ಮುರಿದು ಹೋದವರಿಗೆ ಇನ್ನೇನು ಆರತಿ ಎತ್ತಬೇಕಾಗಿತ್ತಾ? ನಮ್ಮ ಹುಡುಗಿ ಹನ್ನೊಂದು ವರ್ಷದಿಂದ ಗ್ರೀನ್ ಕಾರ್ಡಿಗೆ ಸರದಿಯಲ್ಲಿ ನಿಂತಿಲ್ವೇನ್ರೀ?" ಎಂದರು ಒಬ್ಬರು.

"ಇಲ್ಲಿ ಕಸ ಆರಿಸ್ತಾರಲ್ಲ, ಆ ಶೆಡ್ಡಿನವರನ್ನೂ ಹಾಗೇ ಕಳಿಸಬೇಕು ಬಿಡಿ" ಎಂದರು ಇನ್ನೊಬ್ಬರು.

"ಅವರು ಎಲ್ಲಿಯವರು ಅಂತ ಯಾರಾದ್ರೂ ಕೇಳಿದ್ದೀರಾ?" ಎಂದರು ಹುಬ್ಬಳ್ಳಿಯವರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿ, "ಟೀಚರೇ, ನೀವು ಹಿಸ್ಟರಿ ಹೇಳಿದವರು, ನೀವೇ ಹೇಳಿ" ಎಂದರು. ಕಾಫಿ ಲೋಟ ಕೈಯಲ್ಲಿ ಹಿಡಿದು ಹೇಳಿ ಮುಗಿಸುವ ವಿಷಯವಲ್ಲ ಅದು. ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನು. ನಮ್ಮ ಪೌರತ್ವ ಕಾಯ್ದೆ 1955ರದು. ಆಗಿನ ಮನಸ್ಸು ದೊಡ್ಡದು. ಈ ನೆಲದಲ್ಲಿ ಹುಟ್ಟಿದ ಮಗು ಈ ದೇಶದ್ದು. ಬಹುಮಟ್ಟಿಗೆ ಅಷ್ಟೇ ಮಾತು. 1986ರಲ್ಲಿ ತಿದ್ದುಪಡಿಯಾಗಿ, 1987ರ ಜುಲೈ 1ರಿಂದ ಹುಟ್ಟಿದ ಮಗುವಿಗೆ ತಂದೆ ಅಥವಾ ತಾಯಿ, ಒಬ್ಬರಾದರೂ ಭಾರತೀಯರಾಗಿರಬೇಕು ಎಂದಾಯಿತು. ಅಸ್ಸಾಮಿನ ಚಳವಳಿಯ ಬಿಸಿ ಅದರ ಹಿಂದಿತ್ತು. 2003ರಲ್ಲಿ ಮತ್ತೆ ತಿದ್ದುಪಡಿ. 2004ರ ಡಿಸೆಂಬರ್ 3ರಿಂದ ಹುಟ್ಟಿದವರಿಗೆ ಇಬ್ಬರೂ ಭಾರತೀಯರಾಗಿರಬೇಕು; ಒಬ್ಬರೇ ಆದರೆ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಕ್ರಮ ವಲಸಿಗ ಎಂಬ ಮಾತೇ ಪೌರತ್ವ ಕಾಯ್ದೆಯೊಳಗೆ ಬಂದದ್ದು ಆಗ. ಹಾಗೆ ಕರೆಸಿಕೊಂಡವರು ಎಷ್ಟು ವರ್ಷ ಇಲ್ಲಿ ಬಾಳಿದರೂ ಪೌರತ್ವಕ್ಕೆ ಅರ್ಜಿ ಹಾಕುವಂತಿಲ್ಲ ಎಂದೂ ಆಯಿತು.

ಲೆಕ್ಕ ಹಾಕಿ ನೋಡಿ. ಹೊರದೇಶದ ಒಂದು ದಂಪತಿಗೆ ನಮ್ಮ ಆಸ್ಪತ್ರೆಯಲ್ಲಿ 1987ರ ಜೂನ್ 30ರ ರಾತ್ರಿ ಹನ್ನೊಂದೂವರೆಗೆ ಹುಟ್ಟಿದ ಮಗು ಭಾರತೀಯಳು. ಪಕ್ಕದ ಮಂಚದಲ್ಲಿ, ಅಂಥದೇ ದಂಪತಿಗೆ, ಒಂದು ಗಂಟೆ ತಡವಾಗಿ ಹುಟ್ಟಿದ್ದು ಅಲ್ಲ. ಭಾರತೀಯ ತಾಯಿಗೂ ಕಾಗದವಿಲ್ಲದ ತಂದೆಗೂ 2004ರ ನವೆಂಬರಿನಲ್ಲಿ ಹುಟ್ಟಿದವಳು ಇಲ್ಲಿಯವಳು. ಅವಳ ತಂಗಿ ಎರಡು ವರ್ಷದ ಮೇಲೆ ಹುಟ್ಟಿದರೆ ಇಲ್ಲಿಯವಳಲ್ಲ. ಒಂದೇ ಬಸಿರು, ಒಂದೇ ಮನೆ, ಕಾನೂನು ಎರಡು.

ಹೆಂಗಸರಾದ ನಾವು ಗಮನಿಸಬೇಕಾದ ಇನ್ನೊಂದಿದೆ. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ವಂಶದಿಂದ ಬರಬೇಕಾದರೆ ತಂದೆ ಭಾರತೀಯನಾಗಿರಬೇಕು ಎಂದಿತ್ತು. ತಾಯಿಯ ಲೆಕ್ಕವೇ ಇರಲಿಲ್ಲ. ಅದು ಬದಲಾದದ್ದು 1992ರ ಡಿಸೆಂಬರ್ 10ರಿಂದ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಮ್ಮಲ್ಲಿ ಗಾದೆಯುಂಟಲ್ಲ. ಗಣರಾಜ್ಯವಾಗಿ 42 ವರ್ಷ ದೇಶವೂ ಅದೇ ಗಾದೆಯ ಮೇಲೆ ನಡೆದಿತ್ತು.

ಈಗ ನಮ್ಮ ಕರ್ನಾಟಕಕ್ಕೆ ಬರೋಣ. ವಲಸೆ ಎಂದರೆ ಅಸ್ಸಾಮು, ಬಂಗಾಳದ ತಾಪತ್ರಯ ಎಂದುಕೊಳ್ಳುತ್ತೇವೆ. ಆದರೆ ಮನೆ ಬಿಟ್ಟು ಬಂದ ಪರದೇಶದವರನ್ನು ನಮ್ಮ ರಾಜ್ಯ ಮೂರು ಕಡೆ ಕೂರಿಸಿತು. ಮೂವರ ಕಥೆಯೂ ಬೇರೆ ಬೇರೆ.

ಮೊದಲನೆಯದು ಬೈಲಕುಪ್ಪೆ. 1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಬಂದರು, ಅವರ ಹಿಂದೆ ಸಾವಿರಾರು ಜನ. ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣದ ಬಳಿ ಸುಮಾರು 3,000 ಎಕರೆ ಕಾಡು ನೆಲವನ್ನು ಅವರಿಗಾಗಿ ಬಿಟ್ಟುಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂತು. ಹಿಮದ ನಾಡಿನವರಿಗೆ ಇಲ್ಲಿನ ಸೆಕೆ ಹೊಸದು, ಆನೆ ಹೊಸದು. ಗಿಡ ಕಡಿದು, ಮುಸುಕಿನ ಜೋಳ ಬೆಳೆದು, ಮಠಗಳನ್ನು ಕಟ್ಟಿ ನಿಂತರು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ನೆಲೆಗಳಾದವು. ಚಳಿಗಾಲ ಬಂತೆಂದರೆ ನಮ್ಮ ಪೇಟೆಗಳ ಫುಟ್‌ಪಾತಿನಲ್ಲಿ ಸ್ವೆಟರ್ ಹರಡಿಕೊಂಡು ಕೂರುವ ಟಿಬೆಟಿನ ಹೆಂಗಸರನ್ನು ನೀವೂ ಕಂಡಿದ್ದೀರಿ, ಚೌಕಾಸಿಯನ್ನೂ ಮಾಡಿದ್ದೀರಿ.

ಅವರಿಗೆ ನೆಲ ಸಿಕ್ಕಿತು, ಶಾಲೆ ಸಿಕ್ಕಿತು. ಸಿಗದೆ ಹೋದದ್ದು ಪೌರತ್ವ. ನಮ್ಮ ದೇಶ 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದ್ದರಿಂದ ಕಾಗದದಲ್ಲಿ ಅವರು ವಿದೇಶಿಯರು. ನೋಂದಣಿ ಪತ್ರವನ್ನು ಅವಧಿಗೊಮ್ಮೆ ನವೀಕರಿಸಿಕೊಳ್ಳಬೇಕು. ಬೈಲಕುಪ್ಪೆಯಲ್ಲೇ ಹುಟ್ಟಿ, ಕನ್ನಡ ಕಲಿತು, ನಡುವಯಸ್ಸು ಮುಟ್ಟಿದವರೂ ಹಾಗೆಯೇ. ಇದನ್ನು ಪ್ರಶ್ನಿಸಿದವಳು ಒಬ್ಬ ಹೆಣ್ಣುಮಗಳು. ನಾಮ್‌ಗ್ಯಾಲ್ ಡೋಲ್ಕರ್ ಹಿಮಾಚಲದ ಕಾಂಗ್ರಾದಲ್ಲಿ 1986ರಲ್ಲಿ ಹುಟ್ಟಿದವಳು. ಪಾಸ್‌ಪೋರ್ಟ್ ನಿರಾಕರಿಸಿದಾಗ ದೆಹಲಿ ಹೈಕೋರ್ಟಿಗೆ ಹೋದಳು. 1987ರ ಜುಲೈಗೆ ಮೊದಲು ಇಲ್ಲಿ ಹುಟ್ಟಿದವಳು ಹುಟ್ಟಿನಿಂದಲೇ ಭಾರತೀಯಳು, ತನ್ನನ್ನು ಟಿಬೆಟಿನವಳು ಎಂದು ಹೇಳಿಕೊಂಡ ಮಾತ್ರಕ್ಕೆ ಅದು ಅಳಿಯುವುದಿಲ್ಲ ಎಂದು 2010ರ ಡಿಸೆಂಬರಿನಲ್ಲಿ ತೀರ್ಪು ಬಂತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಅದೇ ದಾರಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಿ ಎಂದಿತು.

ಆದರೂ ಬಹಳ ಮಂದಿ ಮುಂದೆ ಬರಲಿಲ್ಲ. ಮರಳಿ ಹೋಗುವ ಆಸೆಯನ್ನು ಬಿಟ್ಟಂತಾಗುತ್ತದೆ ಎಂಬ ಅಳುಕು ಕೆಲವರಿಗೆ. 2017ರಲ್ಲಿ, ಪಾಸ್‌ಪೋರ್ಟ್ ಬೇಕಾದವರು ನೋಂದಣಿ ಪತ್ರ ಒಪ್ಪಿಸಬೇಕು, ನಿರಾಶ್ರಿತರ ನೆಲೆಯಲ್ಲಿ ಇರಬಾರದು, ಅಲ್ಲಿನ ಸವಲತ್ತು ಪಡೆಯಬಾರದು ಎಂಬ ಷರತ್ತುಗಳ ಸುದ್ದಿ ಬಂದಾಗ ಇನ್ನಷ್ಟು ಜನ ಹಿಂಜರಿದರು. ದೇಶ ಸಿಗಬೇಕಾದರೆ ತವರು ಬಿಡಬೇಕು. ಈ ಷರತ್ತಿನ ಭಾರ ಎಷ್ಟೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳು. ಸಿಲೋನಿನ ಚಹಾ ತೋಟಗಳಿಗೆ ಬ್ರಿಟಿಷರು ತಮಿಳುನಾಡಿನಿಂದ ಕೂಲಿಗಳನ್ನು ಸಾಗಿಸಿದ್ದರು. ಆ ದೇಶ 1948ರಲ್ಲಿ ಸ್ವತಂತ್ರವಾದೊಡನೆ ಮಾಡಿದ ಪೌರತ್ವ ಕಾನೂನು ತಂದೆ ಇಲ್ಲೇ ಹುಟ್ಟಿದ್ದಕ್ಕೆ, ಇಲ್ಲವೆ ಅಜ್ಜ ಮುತ್ತಜ್ಜ ಇಲ್ಲೇ ಹುಟ್ಟಿದ್ದಕ್ಕೆ ಪುರಾವೆ ಕೇಳಿತು. ತೋಟದ ಲೈನು ಮನೆಯಲ್ಲಿ ಹೆತ್ತ ತಾಯಂದಿರ ಬಳಿ ಯಾವ ಪುರಾವೆ? ಲಕ್ಷಾಂತರ ಜನ ಒಂದೇ ಕಾನೂನಿನಿಂದ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದ ಆ 9,75,000 ಜನರನ್ನು ಪಾಲು ಮಾಡಿತು: 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ 1,50,000 ಜನರ ಮಾತು ಆಮೇಲೆ. 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಆ ಉಳಿದವರನ್ನೂ ಸಮಪಾಲು ಮಾಡಿದರು. ಅಣ್ಣ ತಮ್ಮ ಪಾಲಾಗುವಾಗ ಪಾತ್ರೆ ಎಣಿಸುತ್ತಾರಲ್ಲ, ಹಾಗೆ.

ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದವರಲ್ಲಿ ಒಂದಷ್ಟು ಕುಟುಂಬಗಳನ್ನು ದಕ್ಷಿಣ ಕನ್ನಡದ ಕಾಡಿನಂಚಿಗೆ ಕರೆತಂದು, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಅಲ್ಲಿನ ಹೆಂಗಸರು ನಸುಕಿನಲ್ಲೆದ್ದು ಮರ ಗೀರಿ ಹಾಲು ತುಂಬುವ ದುಡಿಮೆಯಲ್ಲಿ ತಲೆಮಾರುಗಳನ್ನು ದಾಟಿದರು. ಇವರ ಸ್ಥಿತಿ ಟಿಬೆಟಿನವರದಕ್ಕೆ ತಿರುವುಮುರುವು. ಹಡಗು ಹತ್ತುವ ಮೊದಲೇ ಪೌರತ್ವ ಕೈಯಲ್ಲಿತ್ತು, ನೆಲ ಇರಲಿಲ್ಲ. ಮನೆ ನಿಗಮದ್ದು. ಮಕ್ಕಳಿಗೆ ಜಾತಿ ಪ್ರಮಾಣಪತ್ರ ಕೇಳಿದರೆ ಮೂಲ ಊರು ಯಾವುದು ಎಂಬ ಪ್ರಶ್ನೆ. ಅದಕ್ಕಾಗಿ ವರ್ಷಾನುಗಟ್ಟಲೆ ಅಲೆದರು. ಪೌರತ್ವ ಸಿಕ್ಕೊಡನೆ ಎಲ್ಲ ಸಿಕ್ಕಿತು ಎಂದೇನೂ ಅಲ್ಲ ಎಂಬುದನ್ನು ಸುಳ್ಯದಲ್ಲಿ ಕಲಿಯಬಹುದು. ಅತ್ತ ಶ್ರೀಲಂಕಾ ದೇಶವು ತನ್ನಲ್ಲಿ ಉಳಿದುಹೋಗಿದ್ದ ಇದೇ ಜನರಿಗೆ ಕಡೆಗೆ 2003ರಲ್ಲಿ ಒಂದು ಕಾಯ್ದೆ ಮಾಡಿ ಪೌರತ್ವ ಕೊಟ್ಟಿತು. ಅಷ್ಟರಲ್ಲಿ 55 ವರ್ಷ ಕಳೆದಿತ್ತು.

ಮೂರನೆಯದು ರಾಯಚೂರು ಜಿಲ್ಲೆಯ ಸಿಂಧನೂರು. ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ, 1970ರ ದಶಕದ ಮೊದಲಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂಗಳಿಗೆ, ಬರ್ಮಾದಿಂದ ಬಂದವರಿಗೆ ಸರ್ಕಾರ ಪುನರ್ವಸತಿ ಕ್ಯಾಂಪುಗಳನ್ನು ಮಾಡಿತು. ಇಂದಿಗೂ ಅವುಗಳಿಗೆ ನಂಬರಿನದೇ ಹೆಸರು. ಜೋಳದ ಸೀಮೆಯಲ್ಲಿ ಅವರು ಮೀನು ಸಾಕಿದರು, ದುರ್ಗಾಪೂಜೆ ಮಾಡಿದರು. ಸರ್ಕಾರವೇ ಕರೆತಂದು ಕೂರಿಸಿದ ಕುಟುಂಬಗಳ ಬೆನ್ನಿಗೆ ಆಮೇಲೆ ತಾವಾಗಿಯೇ ಬಂದು ಸೇರಿದ ನಂಟರಿದ್ದರು. ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್ 11ರಂದು ಬಂದ ಮೇಲೆ, ಅದೇ ವರ್ಷ ಅಲ್ಲಿನ ಕೆಲವರಿಗೆ ಪೌರತ್ವದ ಪ್ರಮಾಣಪತ್ರ ಸಿಕ್ಕಿತು.

ಆ ಕಾಯ್ದೆಯ ಬಗ್ಗೆ ನಮ್ಮ ಮನೆಮನೆಗಳಲ್ಲಿ ಜಗಳವಾಗಿದೆ. ಅದರ ಮಾತು ಇಷ್ಟು: ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರು ಅಕ್ರಮ ವಲಸಿಗರಲ್ಲ, ಅವರು ಅರ್ಜಿ ಹಾಕಬಹುದು. ಅಂದರೆ ಇದೂ ಒಂದು ಅಕ್ರಮ-ಸಕ್ರಮವೇ, ಮನುಷ್ಯರದು. ಸಿಂಧನೂರಿನ ತಾಯಿಗೆ ಇದರಿಂದ ನೆಮ್ಮದಿಯಾಗಿದ್ದರೆ ನನಗೆ ಸಂತೋಷ. ಆದರೆ ತಾರೀಖಿನ ಜೊತೆಗೆ ಧರ್ಮವನ್ನೂ ಸಾಲಿನಲ್ಲಿ ನಿಲ್ಲಿಸಿದ್ದು ನನಗೆ ಸರಿಬೀಳಲಿಲ್ಲ. ಅದೇ ವರ್ಷ, ಅದೇ ಗಡಿ ದಾಟಿ, ಅದೇ ಹಸಿವಿಗೆ ಬಂದ ಮುಸ್ಲಿಂ ಹೆಂಗಸಿಗೆ ಆ ಬಾಗಿಲಿಲ್ಲ. ಬೈಲಕುಪ್ಪೆಯವರಿಗೂ ಇಲ್ಲ, ತಮಿಳುನಾಡಿನ ಶಿಬಿರಗಳಲ್ಲಿರುವ ಲಂಕೆಯ ತಮಿಳರಿಗೂ ಇಲ್ಲ.

ಇನ್ನು ನಮ್ಮ ಶೆಡ್ಡಿನವರು. ಹುಬ್ಬಳ್ಳಿಯವರ ಪ್ರಶ್ನೆ ಮನಸ್ಸಿನಲ್ಲಿತ್ತು, ನಾನು ಹೋಗಿ ಕೇಳಿದೆ. ಬಾಟಲಿ, ರಟ್ಟು, ತಗಡು ಬೇರೆ ಬೇರೆ ರಾಶಿ ಮಾಡುತ್ತಿದ್ದ ಹೆಂಗಸೊಬ್ಬಳು ತಾನು ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯವಳು ಎಂದಳು. ಕೇಳದಿದ್ದರೂ ಒಳಗಿಂದ ಪ್ಲಾಸ್ಟಿಕ್ ಕವರು ತಂದು ತೋರಿಸಿದಳು. ಮತದಾರರ ಚೀಟಿ, ಆಧಾರ್. ಒಂದರಲ್ಲಿ ಹೆಸರಿನ ಮುಂದೆ ಖಾತೂನ್, ಇನ್ನೊಂದರಲ್ಲಿ ಬೀಬಿ. ಮದುವೆಗೆ ಮುಂಚೆ ಅದು, ಆದ ಮೇಲೆ ಇದು. ಅವರಲ್ಲಿ ಹಾಗೆ ರೂಢಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಇನಿಶಿಯಲ್ಲು, ಪಡಿತರ ಚೀಟಿಯಲ್ಲಿ ಗಂಡನ ಹೆಸರು. ನನ್ನನ್ನು ಯಾರೂ ಕೇಳುವುದಿಲ್ಲ, ಅವಳನ್ನು ಕೇಳುತ್ತಾರೆ. ನಮ್ಮಿಬ್ಬರಿಗೂ ಇರುವ ವ್ಯತ್ಯಾಸ ಅಷ್ಟೇ.

ಕೇಳಿದಾಗ ಉತ್ತರಿಸುವ ಹೊಣೆ ಯಾರದು ಎಂಬುದು ಇಲ್ಲಿ ಮುಖ್ಯ. ಕಳ್ಳತನದ ಆಪಾದನೆಯಾದರೆ ಪೊಲೀಸರು ಸಾಬೀತು ಮಾಡಬೇಕು. ವಿದೇಶಿಯಳೆಂಬ ಆಪಾದನೆಯಾದರೆ ತಾನು ಅಲ್ಲವೆಂದು ಅವಳೇ ಸಾಬೀತು ಮಾಡಬೇಕು. 1946ರ ವಿದೇಶಿಯರ ಕಾಯ್ದೆ ಹಾಗೆ ಹೇಳಿತ್ತು. ಅದನ್ನು ತೆಗೆದು 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ಹಾಗೆಯೇ ಹೇಳುತ್ತದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದವರಿಗೆ ಐದು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. 2020ರ ಜನವರಿಯಲ್ಲಿ ಬೆಂಗಳೂರಿನ ಇನ್ನೊಂದು ತುದಿಯ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರೆಂದು ಹೇಳಿ ಗುಡಿಸಲುಗಳನ್ನು ಕೆಡವಿದರು. ಅವುಗಳಲ್ಲಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದಿಂದ ಗುಳೆ ಬಂದವರೂ ಇದ್ದರು, ಅಚ್ಚ ಕನ್ನಡದವರು. ಹೈಕೋರ್ಟು ನಡುವೆ ಬಂದು ತಡೆಯಿತು. ಅದೇ ಹೊತ್ತಿಗೆ ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ, ಮೊದಲು ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡಕ್ಕೆ ಎತ್ತರದ ಗೋಡೆ ಏರಿಸಿ ವಿದೇಶಿಯರನ್ನು ಇರಿಸುವ ಕೇಂದ್ರ ಮಾಡಿದ್ದರು.

ಹಾಗಾದರೆ ಗಡಿಯೇ ಬೇಡವೆ ಎಂದು ಕೇಳಬಹುದು. ಬೇಕು. ಬೇಲಿಯಿಲ್ಲದ ಹಿತ್ತಿಲಿನಲ್ಲಿ ಸೊಪ್ಪು ಉಳಿಯುವುದಿಲ್ಲ. ಸರದಿಯಲ್ಲಿ ನಿಂತ ಮಗಳ ತಾಯಿಯ ಸಿಟ್ಟೂ ಸುಳ್ಳಲ್ಲ. ಅಮೆರಿಕದಲ್ಲಿ ಉದ್ಯೋಗದ ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶಕ್ಕೆ ವರ್ಷಕ್ಕೆ ಶೇಕಡಾ 7ರ ಮಿತಿ. ಭಾರತದವರ ಸಾಲು ಉದ್ದವಾಗಿರುವುದು ಅದಕ್ಕೇ. ಎಚ್-1ಬಿ ನೌಕರರ ಹೆಂಡತಿಯರು, ಎಷ್ಟೇ ಓದಿದ್ದರೂ, 2015ರವರೆಗೆ ಅಲ್ಲಿ ದುಡಿಯುವಂತೆಯೇ ಇರಲಿಲ್ಲ. ಆಮೇಲೂ ಎಲ್ಲರಿಗೂ ಅವಕಾಶ ಸಿಗಲಿಲ್ಲ. ಕಾನೂನು ಪಾಲಿಸಿದವರು ಕಾಯುತ್ತಿರುವಾಗ ಮುರಿದವರಿಗೆ ಬಾಗಿಲು ತೆರೆಯುವುದು ಅನ್ಯಾಯ ಎಂಬ ವಾದ ಅಲ್ಲೂ ಇದೆ. ನಮ್ಮ ಬೀದಿಯಲ್ಲೂ, ಮೊದಲೇ ಹಣ ಕಟ್ಟಿ ಭೂಪರಿವರ್ತನೆ ಮಾಡಿಸಿಕೊಂಡವರು ಅಕ್ರಮ-ಸಕ್ರಮದ ಬಗ್ಗೆ ಇದೇ ಮಾತು ಆಡಿದ್ದರು.

ಅಮೆರಿಕದ ಚರಿತ್ರೆಯಲ್ಲಿ ಇದಕ್ಕೊಂದು ಹಳೆಯ ಉಪಾಯ ಉಂಟು. 1929ರಲ್ಲಿ ಅವರು ಒಂದು ಕಾನೂನು ಮಾಡಿದರು: 1921ರ ಜೂನ್ 3ಕ್ಕೆ ಮುಂಚಿನಿಂದ ಇಲ್ಲೇ ಬಾಳಿ, ನಡತೆ ಚೆನ್ನಾಗಿದ್ದವರು, ಒಳಬಂದ ಕಾಗದವಿಲ್ಲದಿದ್ದರೂ ನೋಂದಾಯಿಸಿಕೊಂಡು ಕಾಯಂ ನಿವಾಸಿಗಳಾಗಬಹುದು. ಆ ತಾರೀಖನ್ನು ಆಗಾಗ ಮುಂದಕ್ಕೆ ಸರಿಸುತ್ತ ಬಂದರು. 1986ರಲ್ಲಿ ರೇಗನ್ ಸಹಿ ಹಾಕಿದ ಕಾಯ್ದೆ ಅದನ್ನು 1972ರ ಜನವರಿ 1ಕ್ಕೆ ತಂದಿತು. ಅದೇ ಕಾಯ್ದೆ 1982ಕ್ಕೆ ಮೊದಲು ಬಂದವರಿಗೂ ಕೃಷಿ ಕೂಲಿಗಳಿಗೂ ಬೇರೆ ಬಾಗಿಲು ತೆರೆದು, ಒಟ್ಟು ಸುಮಾರು 27 ಲಕ್ಷ ಜನರನ್ನು ಸಕ್ರಮ ಮಾಡಿತು. ಅಲ್ಲಿಂದಾಚೆ ಆ 1972 ಕದಲಿಲ್ಲ. 2013ರಲ್ಲಿ ಸೆನೆಟ್ಟು 68-32 ಮತಗಳಿಂದ ಹೊಸ ಮಸೂದೆ ಒಪ್ಪಿದರೂ ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ತಾರೀಖು ನಿಂತುಹೋಯಿತು, ಜನ ನಿಲ್ಲಲಿಲ್ಲ. ವಿಮಾನದಲ್ಲಿ ಕಳಿಸುವ ಮಟ್ಟಕ್ಕೆ ಬಂತು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಗೋಡೆಯ ಮೇಲೆ ಮೊಳೆ ಹೊಡೆದು ತೂಗುಹಾಕಿದ ತಾರೀಖು ನ್ಯಾಯ ಕೊಡಲಾರದು. ಇಷ್ಟು ವರ್ಷ ಇಲ್ಲಿ ದುಡಿದು ಬಾಳಿದವರು, ತಪ್ಪು ದಾರಿ ಹಿಡಿಯದವರು, ದಂಡ ಕಟ್ಟಿ ಅರ್ಜಿ ಹಾಕಬಹುದು ಎಂಬಂಥ, ವರ್ಷದಿಂದ ವರ್ಷಕ್ಕೆ ತಾನೇ ಮುಂದಕ್ಕೆ ಸರಿಯುವ ಲೆಕ್ಕ ಬೇಕು. ಅದರಲ್ಲಿ ಜಾತಿ ಧರ್ಮ ಕೇಳಬಾರದು. ನಿನ್ನೆ ಬಂದವನನ್ನು ವಾಪಸು ಕಳಿಸಲಿ. ಇಪ್ಪತ್ತೈದು ವರ್ಷ ನಮ್ಮ ಕಸ ಎತ್ತಿದವಳನ್ನೂ ಇಲ್ಲೇ ಹುಟ್ಟಿದ ಅವಳ ಮಗಳನ್ನೂ ನಿನ್ನೆ ಬಂದವರೆಂದು ಎಣಿಸುವುದು ಬೇಡ. ರಾಗಿ ಹೊಲದಲ್ಲಿ ಎದ್ದ ಮನೆಗೆ ಸಕ್ರಮ ಕೇಳಿದ ನಾವು ಮನುಷ್ಯರಿಗೆ ಆ ಮಾತೇ ಕೂಡದು ಎನ್ನುವುದು ಹೇಗೆ?

ಕಾಗದದ ವಿಷಯದಲ್ಲಿ ಹೆಂಗಸರೇ ಮೊದಲು ಸಿಕ್ಕಿಬೀಳುತ್ತಾರೆ ಎಂಬುದನ್ನು ಅಸ್ಸಾಮು ತೋರಿಸಿದೆ. ಅಲ್ಲಿ ಪೌರತ್ವದ ಪಟ್ಟಿ ಮಾಡುವಾಗ ಮದುವೆಯಾಗಿ ಊರು ಬದಲಿಸಿದ ಸುಮಾರು 29 ಲಕ್ಷ ಹೆಂಗಸರು, ತಾವು ಇಂಥವರ ಮಗಳು ಎಂದು ತೋರಿಸಲು ಪಂಚಾಯಿತಿ ಕಾರ್ಯದರ್ಶಿಯ ಪತ್ರವನ್ನೇ ನಂಬಿದ್ದರು. ಅದು ನಡೆಯುವುದಿಲ್ಲ ಎಂದು 2017ರ ಫೆಬ್ರವರಿಯಲ್ಲಿ ಗುವಾಹಟಿ ಹೈಕೋರ್ಟು ಹೇಳಿತು. ಪರಿಶೀಲಿಸಿ ಒಪ್ಪಬಹುದು ಎಂದು ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಡುವಿನ ಆ ಒಂಬತ್ತು ತಿಂಗಳು ಅವರು ಹೇಗೆ ನಿದ್ದೆ ಮಾಡಿರಬಹುದು! 2019ರ ಆಗಸ್ಟ್ 31ರ ಕೊನೆಯ ಪಟ್ಟಿಯಲ್ಲಿ 19,06,657 ಜನರ ಹೆಸರಿರಲಿಲ್ಲ.

ನಿಮ್ಮ ಮನೆಯ ಟ್ರಂಕು ತೆಗೆದು ನೋಡಿ. ನನ್ನ ತಾಯಿ ಹುಟ್ಟಿದ್ದು ಊರಿಗೆ ಪ್ಲೇಗು ಬಂದ ವರ್ಷ; ಅದಕ್ಕಿಂತ ಹೆಚ್ಚಿನ ದಾಖಲೆ ಇಲ್ಲ. ನನ್ನ ಹುಟ್ಟಿದ ದಿನ ಜೂನ್ 1, ನನ್ನ ತರಗತಿಯ ಅರ್ಧ ಮಕ್ಕಳದೂ ಜೂನ್ 1. ಶಾಲೆಗೆ ಸೇರಿಸಿಕೊಂಡ ಮೇಷ್ಟರು ಹಾಗೆ ಬರೆದುಕೊಂಡರು. ನಮ್ಮ ಮೊಮ್ಮಕ್ಕಳ ಕಾಲಕ್ಕೆ ಇದು ಸಾಗುವುದಿಲ್ಲ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಮತದಾರರ ಪಟ್ಟಿಗೂ ಜನನ ಪ್ರಮಾಣಪತ್ರವೇ ಮೂಲ. ಹುಟ್ಟಿದ 21 ದಿನದೊಳಗೆ ತಿಳಿಸಿ ಬರೆಸಬೇಕು. ನಿಮ್ಮ ಮನೆ ಕೆಲಸದವಳೋ, ಬೀದಿ ಗುಡಿಸುವವಳೋ, ಶೆಡ್ಡಿನ ಹೆಂಗಸೋ ಹೆತ್ತಳೆಂದು ತಿಳಿದರೆ ಎಲ್ಲಿಯವಳೆಂದು ಕೇಳುವ ಮುಂಚೆ ಆ ಒಂದು ಕೆಲಸ ಮಾಡಿಸಿಕೊಡಿ. ಅದರಿಂದ ಪೌರತ್ವ ಬಂದುಬಿಡುವುದಿಲ್ಲ. ಆದರೆ ಇಂಥ ದಿನ, ಇಂಥ ಊರಿನಲ್ಲಿ, ಇಂಥ ತಾಯಿಗೆ ಒಂದು ಮಗು ಹುಟ್ಟಿತು ಎಂಬ ಮಾತನ್ನು ಮುಂದೆ ಯಾರೂ ಅಲ್ಲಗಳೆಯುವಂತಿಲ್ಲ.